‘ನಮ್ಮಪ್ಪ ತಪ್ಪು ಮಾಡವ್ರಾ ಮಿಸ್?’: ನೀರಿನ ಪಾಠದಲ್ಲಿ ನ್ಯಾಯದ ಪ್ರಶ್ನೆ ಎದ್ದಾಗ

ಪ್ರಶ್ನೆ: ನಾನು ಕೋಲಾರ ಜಿಲ್ಲೆಯ ಹಳ್ಳಿಯೊಂದರ ಸರ್ಕಾರಿ ಪ್ರೌಢಶಾಲೆಯಲ್ಲಿ ವಿಜ್ಞಾನ ಶಿಕ್ಷಕಿ. ಒಂಬತ್ತನೇ ತರಗತಿಯಲ್ಲಿ 42 ಮಕ್ಕಳಿದ್ದಾರೆ. ಅಂತರ್ಜಲದ ಪಾಠ ಮಾಡುವಾಗ ‘ಮಿತಿಮೀರಿ ಬೋರ್ ಕೊರೆದಿದ್ದರಿಂದಲೇ ನೀರು ಪಾತಾಳಕ್ಕಿಳಿದಿದೆ’ ಎಂದೆ. ಒಬ್ಬ ಹುಡುಗಿ ಎದ್ದು, ‘ಮಿಸ್, ನಮ್ಮಪ್ಪ ಐದು ಬೋರು ಹಾಕ್ಸವ್ರೆ. ನಮ್ಮಪ್ಪ ತಪ್ಪು ಮಾಡವ್ರಾ?’ ಎಂದು ಕೇಳಿದಳು. ಕಣ್ಣು ತುಂಬಿತ್ತು. ‘ಹಾಗಲ್ಲಮ್ಮ, ಕೂತ್ಕೋ’ ಎಂದು ಮುಂದಕ್ಕೆ ಹೋಗಿಬಿಟ್ಟೆ. ಅಷ್ಟರಲ್ಲಿ ಇನ್ನೊಬ್ಬ, ‘ಬೆಂಗಳೂರಿನ ಚರಂಡಿ ನೀರನ್ನ ನಮ್ಮ ಕೆರೆಗೆ ಬಿಟ್ಟೋರ್ದು ತಪ್ಪಲ್ವಾ?’ ಎಂದ. ಅದಕ್ಕೂ ನನ್ನಲ್ಲಿ ಉತ್ತರವಿರಲಿಲ್ಲ. ತರಬೇತಿಗಳಲ್ಲಿ ಸುಸ್ಥಿರ ಅಭಿವೃದ್ಧಿಯ ಶಿಕ್ಷಣ, ನೈತಿಕತೆ, ಸಂಕೀರ್ಣ ಚಿಂತನೆ ಎಂದೆಲ್ಲ ಹೇಳಿಕೊಡುತ್ತಾರೆ. 40 ನಿಮಿಷದ ಪೀರಿಯಡ್‌ನಲ್ಲಿ ಅದನ್ನು ಮಾಡುವುದು ಹೇಗೆ? ಎಲ್ಲ ಕಡೆಯ ಮಾತನ್ನೂ ಹೇಳಿದರೆ ಮಕ್ಕಳಿಗೆ ಗೊಂದಲ, ಒಂದನ್ನೇ ಹೇಳಿದರೆ ಯಾರಿಗೋ ನೋವು. ನನ್ನ ಅಭಿಪ್ರಾಯ ಹೇಳಬಹುದೇ? ಅಂಕ ಕೊಡುವುದು ಹೇಗೆ? ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಅಧ್ಯಕ್ಷರಿಗೇ ನಾಲ್ಕು ಬೋರ್ ಇದೆ ಎನ್ನುವುದೂ ನನ್ನ ತಲೆಯಲ್ಲಿದೆ.

ಉತ್ತರ: ಆ ಹುಡುಗಿ ಕೇಳಿದ್ದು ನಿಮ್ಮ ಪಾಠದ ಅತ್ಯುತ್ತಮ ಪ್ರಶ್ನೆ. ಅವಳು ನಿಮ್ಮ ವಾಕ್ಯವನ್ನು ಪೂರ್ತಿ ಕೇಳಿಸಿಕೊಂಡು, ಅದನ್ನು ತನ್ನ ಮನೆಯ ಹೊಸ್ತಿಲವರೆಗೆ ತಂದು ನಿಲ್ಲಿಸಿದಳು. ನಿಮ್ಮ ಅಳುಕು ಎರಡು ಕಡೆಯದು. ಸತ್ಯ ಹೇಳಿದರೆ ಮಗುವಿಗೆ ಅವಮಾನವಾಗುತ್ತದೆ, ಮಗುವನ್ನು ಸಮಾಧಾನ ಮಾಡಲು ಹೋದರೆ ಸತ್ಯ ತೆಳ್ಳಗಾಗುತ್ತದೆ. ಈ ಇಕ್ಕಟ್ಟು ಬಂದದ್ದು ನಿಮ್ಮ ವಾಕ್ಯ ಒಂದೇ ಉಸಿರಲ್ಲಿ ಎರಡು ಕೆಲಸ ಮಾಡಿದ್ದರಿಂದ. ನೀರು ಏಕೆ ಇಳಿಯಿತು ಎಂದು ವಿವರಿಸುತ್ತಲೇ ಅದು ಯಾರ ತಪ್ಪು ಎಂದು ತೀರ್ಪನ್ನೂ ಕೊಟ್ಟಿತು. ಇವೆರಡನ್ನು ಬಿಡಿಸಿಡುವುದೇ ನೀವು ಕೇಳುತ್ತಿರುವ ಕೆಲಸದ ಅರ್ಧ ಭಾಗ.

ಮೊದಲು ವಿವರಣೆಯನ್ನು ನೋಡೋಣ. ಕೋಲಾರಕ್ಕೆ ವರ್ಷವಿಡೀ ಹರಿಯುವ ನದಿಯಿಲ್ಲ. ನೆಲದಡಿ ಇರುವುದು ಗಟ್ಟಿ ಶಿಲೆ. ಮೇಲಿನ ಶಿಥಿಲ ಪದರದಲ್ಲಿ ಮತ್ತು ಅದರ ಕೆಳಗಿನ ಬಿರುಕುಗಳಲ್ಲಿ ಮಾತ್ರ ನೀರು ನಿಲ್ಲುತ್ತದೆ. ತೆರೆದ ಬಾವಿಗಳು ಬತ್ತಿದ ಮೇಲೆ ರೈತರು ಬೋರ್ ಹಾಕಿಸಿದರು. ಪಕ್ಕದವನ ಬೋರ್ ಇನ್ನೂ ಆಳಕ್ಕೆ ಹೋದರೆ ಅದೇ ಬಿರುಕಿನ ನೀರು ಅತ್ತ ಸರಿಯುತ್ತದೆ, ಇವನೂ ಆಳಕ್ಕೆ ಹೋಗಬೇಕಾಗುತ್ತದೆ. ಸಾವಿರ ಅಡಿ ದಾಟಿಯೂ ಧೂಳು ಮಾತ್ರ ಬಂದ ಬೋರ್‌ಗಳು ನಿಮ್ಮ ಮಕ್ಕಳಿಗೆ ಹೊಸದಲ್ಲ. ಆಳದ ನೀರು ಬಂಡೆಯ ಜೊತೆ ಹೆಚ್ಚು ಕಾಲ ಕಳೆದಿರುವುದರಿಂದ ಅದರಲ್ಲಿ ಫ್ಲೋರೈಡ್ ಹೆಚ್ಚು. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ ಸಹಿಸಬಹುದು ಎಂಬುದು ಭಾರತೀಯ ಮಾನದಂಡ. ಕೇಂದ್ರ ಅಂತರ್ಜಲ ಮಂಡಳಿಯ ಲೆಕ್ಕದಲ್ಲಿ ನಿಮ್ಮ ಜಿಲ್ಲೆ ವರ್ಷಗಳಿಂದ ‘ಅತಿಬಳಕೆ’ ಪಟ್ಟಿಯಲ್ಲಿದೆ, ಅಂದರೆ ಇಂಗುವುದಕ್ಕಿಂತ ಎತ್ತುವುದು ಹೆಚ್ಚು. ಇಷ್ಟೂ ವಿಜ್ಞಾನ. ಇದನ್ನು ಮೆತ್ತಗೆ ಮಾಡುವ ಅಗತ್ಯವಿಲ್ಲ.

ಆದರೆ ಆ ಅಪ್ಪ ಐದನೇ ಬೋರ್ ಹಾಕಿಸಿದ್ದು ಏಕೆ ಎಂಬುದಕ್ಕೆ ವಿಜ್ಞಾನದ ಪುಸ್ತಕದಲ್ಲಿ ಉತ್ತರವಿಲ್ಲ. 10 ಎಚ್‌ಪಿವರೆಗಿನ ಪಂಪ್‌ಸೆಟ್‌ಗೆ ಕರೆಂಟ್ ಉಚಿತ. 1882ರ ಈಸ್‌ಮೆಂಟ್ ಕಾಯ್ದೆಯ ಕಾಲದಿಂದಲೂ ಜಮೀನಿನ ಕೆಳಗಿನ ನೀರು ಎತ್ತುವ ಹಕ್ಕು ಜಮೀನಿನ ಒಡೆಯನದು. 2011ರ ಕರ್ನಾಟಕ ಅಂತರ್ಜಲ ಕಾಯ್ದೆ ಅದಕ್ಕೆ ಅನುಮತಿ, ನೋಂದಣಿಯ ಕಟ್ಟು ಹಾಕಿತಾದರೂ ಹಳೆಯ ರೂಢಿ ಬದಲಾಗಿಲ್ಲ. ಫೇಲಾದ ನಾಲ್ಕು ಬೋರ್‌ಗಳ ಸಾಲ ತೀರಬೇಕಾದರೆ ರಾಗಿಯಿಂದ ಆಗುವುದಿಲ್ಲ, ಟೊಮೆಟೊ ಬೇಕು. ಟೊಮೆಟೊಗೆ ನೀರು ಬೇಕು. 2023ರ ಜುಲೈನಲ್ಲಿ ಕೋಲಾರ ಮಾರುಕಟ್ಟೆಯಲ್ಲಿ 15 ಕೆ.ಜಿ. ಬಾಕ್ಸ್ 2,000 ರೂಪಾಯಿ ದಾಟಿತ್ತು. ಬೆಲೆ ಬಿದ್ದ ವರ್ಷಗಳಲ್ಲಿ ಅದೇ ಹಣ್ಣನ್ನು ರಸ್ತೆ ಬದಿಗೆ ಸುರಿದದ್ದನ್ನೂ ಮಕ್ಕಳು ನೋಡಿದ್ದಾರೆ. ಈ ಜೂಜಿನ ನಡುವೆ ಕೂತ ಮನುಷ್ಯನ ಬಗ್ಗೆ ‘ಮಿತಿಮೀರಿ ಕೊರೆದರು’ ಎಂಬ ಒಂದೇ ಮಾತಿನಲ್ಲಿ ತೀರ್ಪು ಕೊಡಲಾಗದು.

ಹಾಗಾದರೆ ಯಾರದ್ದೂ ತಪ್ಪಿಲ್ಲವೇ? ಇಲ್ಲೇ ಹೆಚ್ಚಿನ ಶಿಕ್ಷಕರು ಜಾರುವುದು. ‘ಎಲ್ಲವೂ ಸಂಕೀರ್ಣ, ಎಲ್ಲರದ್ದೂ ಅವರವರ ಮಟ್ಟಿಗೆ ಸರಿ’ ಎಂದು ಪಾಠ ಮುಗಿಸುವುದು ಸುಲಭ, ಆದರೆ ಅದು ನೈತಿಕ ಪ್ರಶ್ನೆಯಿಂದ ತಪ್ಪಿಸಿಕೊಳ್ಳುವ ದಾರಿ. ಸಂಕೀರ್ಣವಾಗಿ ಯೋಚಿಸುವುದರ ಉಪಯೋಗವೇ ಹೊಣೆಯನ್ನು ಹೆಚ್ಚು ನಿಖರವಾಗಿ ಹಂಚುವುದರಲ್ಲಿದೆ. ನಾನು ಶಿಕ್ಷಕರಿಗೆ ಕೊಡುವ ಅಳತೆಗೋಲು ಇದು: ಯಾರಿಗೆ ಎಷ್ಟು ಆಯ್ಕೆ ಇತ್ತೋ ಅವರಿಗೆ ಅಷ್ಟು ಹೊಣೆ. ಒಂದೂವರೆ ಎಕರೆಯ ರೈತನಿಗೆ ಇದ್ದ ಆಯ್ಕೆಗಳು ಕಡಿಮೆ, ಆದರೆ ಸೊನ್ನೆಯಲ್ಲ. ಹನ್ನೆರಡು ಎಕರೆಯ, ನಾಲ್ಕು ಬೋರ್‌ನ ಒಡೆಯನಿಗೆ ಹೆಚ್ಚು. ನಿಯಮ ಮಾಡುವ, ಮಾಡಿದ ನಿಯಮವನ್ನು ನಡೆಸುವ ಕಚೇರಿಗಳಿಗೆ ಇನ್ನೂ ಹೆಚ್ಚು. ಜಮೀನೇ ಇಲ್ಲದ ಕೂಲಿಯವಳಿಗೆ ಕಾನೂನಿನ ಪ್ರಕಾರ ಆ ನೀರಿನ ಮೇಲೆ ಹಕ್ಕೇ ಇಲ್ಲ. ನೀರು ಬತ್ತಿದಾಗ ಕೆಲಸ ಹೋಗುವುದು ಮಾತ್ರ ಮೊದಲು ಅವಳದ್ದು.

ಈ ವಿಷಯದಲ್ಲಿ ಬೇರೂರಿದ ಕೆಲವು ತಪ್ಪು ಕಲ್ಪನೆಗಳಿವೆ, ಅವು ಪಾಠವನ್ನೇ ಕೆಡಿಸುತ್ತವೆ. ಒಂದು, ಹಲ್ಲುಜ್ಜುವಾಗ ನಲ್ಲಿ ನಿಲ್ಲಿಸಿದರೆ ಸುಸ್ಥಿರತೆ ಬಂತು ಎನ್ನುವುದು. ಅಭ್ಯಾಸ ಒಳ್ಳೆಯದೇ, ಪ್ರಮಾಣದ ಅರಿವು ಅದರ ಜೊತೆಗಿರಬೇಕು. ಇನ್ನೊಂದು, ಹಿಂದಿನ ಕಾಲ ಪೂರ್ತಿ ಸುಸ್ಥಿರವಾಗಿತ್ತು ಎನ್ನುವುದು. ಕೆರೆಯ ಏರಿ, ನೀರು ಬಿಡುವ ತೂಬು, ಹೆಚ್ಚಾದ ನೀರು ಹರಿದುಹೋಗುವ ಕೋಡಿ, ಅಚ್ಚುಕಟ್ಟಿನ ಗದ್ದೆಗಳಿಗೆ ಸರದಿಯ ಮೇಲೆ ನೀರು ಬಿಡುವ ನೀರುಗಂಟಿ, ಇವೆಲ್ಲ ನಿಜವಾಗಿಯೂ ಅದ್ಭುತ ವ್ಯವಸ್ಥೆ. ಕೋಡಿ ಹರಿದರೆ ಮುಂದಿನ ಕೆರೆ ತುಂಬುವಂತೆ ಸರಪಳಿ ಕಟ್ಟಿದ್ದರು. ಆದರೆ ಹೆಚ್ಚಿನ ಊರುಗಳಲ್ಲಿ ತೂಬು ಎತ್ತುತ್ತಿದ್ದವರು ದಲಿತ ಕುಟುಂಬದವರು. ನೀರು ಹಾಯುತ್ತಿದ್ದ ಗದ್ದೆ ಬೇರೆಯವರದ್ದು, ಊರ ಬಾವಿಗೆ ಇವರು ಇಳಿಯುವಂತಿರಲಿಲ್ಲ. ನಿಮ್ಮ ತರಗತಿಯಲ್ಲಿ ಆ ಮನೆತನದ ಮಕ್ಕಳು ಇರಬಹುದು. ‘ನಮ್ಮ ಹಿರಿಯರು ನೀರನ್ನು ಸಮವಾಗಿ ಹಂಚಿಕೊಳ್ಳುತ್ತಿದ್ದರು’ ಎಂದು ನೀವು ಹೇಳಿದರೆ ಅದು ಸುಳ್ಳೆಂದು ಅವರಿಗೆ ಗೊತ್ತಿರುತ್ತದೆ, ಅವರು ಬಾಯಿ ಬಿಡುವುದಿಲ್ಲ ಅಷ್ಟೆ. ಕೆರೆಯ ತಂತ್ರಜ್ಞಾನವನ್ನು ಹೊಗಳಿ, ಹಂಚಿಕೆಯ ಅನ್ಯಾಯವನ್ನೂ ಹೇಳಿ. ಎರಡನ್ನೂ ಒಟ್ಟಿಗೆ ಹಿಡಿದಿಡಲು ಹದಿನಾಲ್ಕು ವರ್ಷದ ಮಕ್ಕಳಿಗೆ ಬರುತ್ತದೆ.

ಹನಿ ನೀರಾವರಿಯೇ ಪರಿಹಾರ ಎಂಬುದು ಮೂರನೆಯದು. ಡ್ರಿಪ್ ಹಾಕಿದರೆ ಗಿಡಕ್ಕೆ ಬೇಕಾದ ನೀರು ಕಡಿಮೆಯಾಗುವುದು ನಿಜ. ಉಳಿದ ನೀರು ನೆಲದಡಿಯೇ ಉಳಿಯುತ್ತದೆಯೇ? ಹೆಚ್ಚಿನ ಕಡೆ ಆ ನೀರಿನಲ್ಲಿ ಇನ್ನೊಂದು ಎಕರೆ ನಾಟಿಯಾಗುತ್ತದೆ. ಪಂಪ್ ಓಡುವ ಗಂಟೆ ಅಷ್ಟೇ ಇರುತ್ತದೆ. ಇದನ್ನು ಮಕ್ಕಳಿಗೆ ನೀವು ಹೇಳಬೇಡಿ. ‘ಡ್ರಿಪ್ ಹಾಕಿದ ಮೇಲೆ ನಿಮ್ಮ ಮನೆಯಲ್ಲಿ ಮೋಟರ್ ಎಷ್ಟು ಹೊತ್ತು ಓಡುತ್ತೆ?’ ಎಂದು ಕೇಳಿಬಿಡಿ.

ಈಗ ಮಾಡುವುದು ಹೇಗೆ ಎಂಬುದಕ್ಕೆ ಬರುತ್ತೇನೆ. ನನ್ನ ಸಲಹೆ, ಅಳತೆಯಿಂದ ಶುರುಮಾಡಿ. ಚರ್ಚೆಯಿಂದ ಶುರುಮಾಡಿದರೆ ಮಕ್ಕಳು ಮನೆಯಲ್ಲಿ ಕೇಳಿದ ಮಾತನ್ನೇ ಇಲ್ಲಿ ಆಡುತ್ತಾರೆ.

ಶಾಲೆಯ ಹತ್ತಿರದ ಒಂದು ಬೋರ್‌ಗೆ, ಒಡೆಯರ ಒಪ್ಪಿಗೆ ಪಡೆದು, ಆರು ಮಕ್ಕಳ ಗುಂಪನ್ನು ಕರೆದೊಯ್ಯಿರಿ. ಬೇಕಾದದ್ದು 20 ಲೀಟರ್ ಬಕೆಟ್ ಮತ್ತು ಸೆಕೆಂಡ್ ತೋರಿಸುವ ಗಡಿಯಾರ. ಮೋಟರ್ ಹಾಕಿದ ಕೂಡಲೇ ಅಳೆಯಬೇಡಿ, ಆಗ ಬರುವುದು ಕೊಳವೆಯೊಳಗೆ ನಿಂತಿದ್ದ ನೀರು, ಲೆಕ್ಕ ಜಾಸ್ತಿ ತೋರಿಸುತ್ತದೆ. ಅರ್ಧ ಗಂಟೆ ಬಿಟ್ಟು ಮೂರು ಸಲ ಅಳೆದು ಸರಾಸರಿ ತೆಗೆಯಿರಿ. ಬಕೆಟ್ ತುಂಬಲು 10 ಸೆಕೆಂಡ್ ಹಿಡಿಯಿತು ಎನ್ನೋಣ. ಸೆಕೆಂಡಿಗೆ 2 ಲೀಟರ್, ಗಂಟೆಗೆ 7,200. ಪಂಪ್ ಓಡಿಸುವ ತ್ರೀ ಫೇಸ್ ಕರೆಂಟ್ ಏಳು ಗಂಟೆ ಇದ್ದರೆ ದಿನಕ್ಕೆ 50,400 ಲೀಟರ್.

ಇನ್ನು ಆಕಾಶದ ಕಡೆಯ ಲೆಕ್ಕ. ಒಂದು ಎಕರೆ ಎಂದರೆ ಸುಮಾರು 4,047 ಚದರ ಮೀಟರ್. ಒಂದು ಚದರ ಮೀಟರಿನ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್. ವರ್ಷಕ್ಕೆ 700 ಮಿಲಿಮೀಟರ್ ಎಂದಿಟ್ಟುಕೊಂಡರೆ ಎಕರೆಗೆ 28 ಲಕ್ಷ ಲೀಟರಿಗೂ ಹೆಚ್ಚು. ಈ ಅಂಕಿ ಕೇಳಿ ಮಕ್ಕಳು ಖುಷಿಪಡುತ್ತಾರೆ. ಆಮೇಲೆ ಹೇಳಿ: ಗಟ್ಟಿ ಬಂಡೆಯ ನೆಲದಲ್ಲಿ ಇಂಗಿ ಕೆಳಗೆ ಸೇರುವುದು ಹತ್ತರಲ್ಲಿ ಒಂದು ಭಾಗ, ಕೆಲವೆಡೆ ಅದಕ್ಕೂ ಕಡಿಮೆ. ಉಳಿದದ್ದು ಆವಿಯಾಗುತ್ತದೆ, ಗಿಡಗಳು ಕುಡಿಯುತ್ತವೆ, ಹರಿದುಹೋಗುತ್ತದೆ. ಹತ್ತರಲ್ಲಿ ಒಂದೆಂದರೆ 2.8 ಲಕ್ಷ ಲೀಟರ್. ಈಗ ಅದನ್ನು 50,400ರಿಂದ ಭಾಗಿಸಲು ಹೇಳಿ. ಐದೂವರೆ ದಿನ ಚಿಲ್ಲರೆ ಬರುತ್ತದೆ. ಒಂದು ಎಕರೆಯ ಇಡೀ ವರ್ಷದ ಮಳೆ ನೆಲಕ್ಕೆ ಇಳಿಸಿದ ನೀರು ಒಂದು ವಾರದೊಳಗೆ ಮೇಲಕ್ಕೆ ಬಂದಾಯಿತು. ಉಳಿದ ದಿನಗಳ ನೀರು ಯಾರದ್ದು? ಪಕ್ಕದ ಎಕರೆಯದು, ಕೆರೆಯಿಂದ ಇಂಗಿದ್ದು, ಇಲ್ಲವೇ ಹಿಂದಿನ ತಲೆಮಾರುಗಳ ಮಳೆ. ತರಗತಿ ತಾನಾಗಿಯೇ ಸುಮ್ಮನಾಗುತ್ತದೆ. ನ್ಯಾಯದ ಪ್ರಶ್ನೆ ನೀವು ಎತ್ತದೆಯೇ ಎದ್ದಿರುತ್ತದೆ.

ಇದು ಅಂದಾಜು ಲೆಕ್ಕ, ಹೊಲಕ್ಕೆ ಹಾಯಿಸಿದ ನೀರಿನಲ್ಲಿ ಸ್ವಲ್ಪ ಮತ್ತೆ ಇಂಗುತ್ತದೆ ಎಂಬುದನ್ನು ಮಕ್ಕಳಿಗೆ ಹೇಳಲೇಬೇಕು. ಅಂದಾಜಿನ ಮಿತಿ ಹೇಳುವುದೂ ಪ್ರಾಮಾಣಿಕತೆಯ ಪಾಠವೇ. ಹಾಗೆಯೇ ಶಾಲೆಯ ಚಾವಣಿಯನ್ನೂ ಅಳೆಸಿ. 100 ಚದರ ಮೀಟರ್ ಚಾವಣಿ, 700 ಮಿಲಿಮೀಟರ್ ಮಳೆ, ಅದರಲ್ಲಿ ಐದಕ್ಕೆ ನಾಲ್ಕು ಪಾಲು ಹಿಡಿಯಬಹುದು ಎಂದರೆ 56,000 ಲೀಟರ್. ಶಾಲೆಯ ಕುಡಿಯುವ ನೀರಿಗೆ ಅದು ದೊಡ್ಡ ಸಹಾಯ, ಫ್ಲೋರೈಡ್ ಇಲ್ಲದ ನೀರು ಬೇರೆ. ಆದರೆ ಆ ಬೋರ್‌ನ ಒಂದು ದಿನದ ನೀರಿಗಿಂತ ತುಸು ಮಾತ್ರ ಹೆಚ್ಚು. ಮಳೆಕೊಯ್ಲು ಬೇಕು, ಅದೊಂದೇ ಸಾಲದು ಎಂಬುದನ್ನು ಇದಕ್ಕಿಂತ ಚೆನ್ನಾಗಿ ಹೇಳುವ ಭಾಷಣ ನನಗೆ ಗೊತ್ತಿಲ್ಲ.

ಎರಡನೇ ಪೀರಿಯಡ್‌ಗೆ ಹುರಿ ಮತ್ತು ಚೀಟಿ. ಹನ್ನೆರಡು ಚೀಟಿ ಸಾಕು: ಮಳೆ, ಕೆರೆ, ಬೋರ್‌ನ ಆಳ, ಉಚಿತ ಕರೆಂಟ್, ಸಾಲ, ಟೊಮೆಟೊ ಬೆಲೆ, ಡ್ರಿಪ್, ಫ್ಲೋರೈಡ್, ಶುದ್ಧ ನೀರಿನ ಘಟಕ, ಕೂಲಿ, ನೀಲಗಿರಿ ತೋಪು, ಬೆಂಗಳೂರು. ಒಬ್ಬೊಬ್ಬರು ಒಂದೊಂದು ಚೀಟಿ ಹಿಡಿದು ವೃತ್ತದಲ್ಲಿ ನಿಲ್ಲಲಿ. ‘ಇದು ಜಾಸ್ತಿಯಾದರೆ ಅದು ಜಾಸ್ತಿಯಾಗುತ್ತಾ, ಕಡಿಮೆಯಾಗುತ್ತಾ?’ ಎಂದು ಕೇಳುತ್ತಾ ಹುರಿ ಎಳೆಯಿರಿ. ಆಳ ಹೆಚ್ಚಿದರೆ ಸಾಲ, ಸಾಲ ಹೆಚ್ಚಿದರೆ ಟೊಮೆಟೊ, ಟೊಮೆಟೊಗೆ ಇನ್ನಷ್ಟು ನೀರು, ಅದರಿಂದ ಮತ್ತೆ ಆಳ. ಹುರಿ ಹೊರಟ ಮಗುವಿನ ಕೈಗೇ ವಾಪಸ್ ಬಂದಾಗ ಸುಳಿ ಎಂದರೇನು ಎಂಬುದು ಬಾಯಿಪಾಠವಿಲ್ಲದೆ ತಿಳಿಯುತ್ತದೆ. ಇಲ್ಲಿ ಆಗುವ ತಪ್ಪು ಎರಡು. ಶಿಕ್ಷಕರೇ ಬೋರ್ಡಿನ ಮೇಲೆ ಪೂರ್ತಿ ಚಿತ್ರ ಬರೆದು ಮಕ್ಕಳಿಂದ ನಕಲು ಮಾಡಿಸುವುದು ಒಂದು. ಎಲ್ಲದಕ್ಕೂ ಎಲ್ಲವನ್ನೂ ಕಟ್ಟಿ ರಂಗೋಲಿ ಮಾಡುವುದು ಇನ್ನೊಂದು. ಮೂವತ್ತು ಎಳೆಯ ಬಲೆಯಿಂದ ಯಾರೂ ಏನೂ ಕಲಿಯುವುದಿಲ್ಲ. ‘ಈ ಎಳೆಗೆ ನೀನು ಕಣ್ಣಾರೆ ಕಂಡ ಒಂದು ಸಾಕ್ಷಿ ಹೇಳು’ ಎಂಬ ನಿಯಮವಿಡಿ, ಹೇಳಲಾಗದ ಎಳೆಯನ್ನು ಬಿಚ್ಚಿಬಿಡಿ. ಕೊನೆಗೆ ಕೇಳಬೇಕಾದ್ದು ಒಂದೇ: ಈ ಹುರಿಯನ್ನು ಎಲ್ಲಿ ಕತ್ತರಿಸಬಹುದು, ಕತ್ತರಿ ಯಾರ ಕೈಯಲ್ಲಿದೆ?

ಪಾತ್ರಾಭಿನಯವನ್ನೂ ಮಾಡಿಸಬಹುದು, ಆದರೆ ಇದರಲ್ಲಿ ಅಪಾಯ ಹೆಚ್ಚು. ಯಾವ ಮಗುವಿಗೂ ತನ್ನ ಮನೆಯ ಪಾತ್ರ ಕೊಡಬೇಡಿ. ಬೋರ್ ಇರುವ ಮನೆಯ ಹುಡುಗ ಕೂಲಿಯವಳಾಗಲಿ, ಕೂಲಿ ಮನೆಯ ಹುಡುಗಿ ಬೆಂಗಳೂರಿನ ಫ್ಲ್ಯಾಟ್‌ನವಳಾಗಲಿ. ಇನ್ನೂ ಹುಟ್ಟದ 2060ರ ಮಗುವಿಗೂ ಒಂದು ಕುರ್ಚಿ ಹಾಕಿ. ಪ್ರತಿಯೊಬ್ಬರೂ ಎರಡು ನಿಮಿಷ, ನಡುವೆ ಯಾರೂ ಬಾಯಿ ಹಾಕುವಂತಿಲ್ಲ. ಈ ನಿಯಮವಿಲ್ಲದಿದ್ದರೆ ಗಟ್ಟಿ ಗಂಟಲಿನ ಇಬ್ಬರು ಗೆಲ್ಲುತ್ತಾರೆ, ಕೂಲಿಯವಳ ಪಾತ್ರ ನಿಜಜೀವನದಲ್ಲಿದ್ದಂತೆಯೇ ಮೂಲೆಗೆ ಸೇರುತ್ತದೆ. ಆಟ ಮುಗಿದ ಮೇಲಿನ ಹದಿನೈದು ನಿಮಿಷದ ಮಾತುಕತೆಯನ್ನು ಎಷ್ಟೋ ಜನ ಬೆಲ್ ಹೊಡೆಯಿತೆಂದು ಬಿಟ್ಟುಬಿಡುತ್ತಾರೆ. ಹಾಗೆ ಬಿಡುವುದಾದರೆ ಆಟವನ್ನೇ ಆಡಿಸಬೇಡಿ. ಪಾತ್ರದ ಕೋಪ ಹೊತ್ತುಕೊಂಡೇ ಮಕ್ಕಳು ಮನೆಗೆ ಹೋಗುತ್ತಾರೆ.

ಇನ್ನು ಆ ಹುಡುಗನ ಚರಂಡಿ ನೀರಿನ ಪ್ರಶ್ನೆ. ಕೆ.ಸಿ. ವ್ಯಾಲಿ (ಕೋರಮಂಗಲ-ಚಲ್ಲಘಟ್ಟ ಕಣಿವೆ) ಯೋಜನೆಯಲ್ಲಿ ಬೆಂಗಳೂರಿನ ಕೊಳಚೆ ನೀರನ್ನು ಎರಡನೇ ಹಂತದವರೆಗೆ, ಅಂದರೆ ಘನ ಕೊಳೆ ಮತ್ತು ಸಾವಯವ ಕೊಳೆ ತೆಗೆಯುವವರೆಗೆ ಶುದ್ಧೀಕರಿಸಿ, ದಿನಕ್ಕೆ 44 ಕೋಟಿ ಲೀಟರ್ ಗುರಿಯಿಟ್ಟು ಕೋಲಾರದ ಕೆರೆಗಳಿಗೆ ಹರಿಸುತ್ತಾರೆ. 2018ರಲ್ಲಿ ಲಕ್ಷ್ಮಿಸಾಗರ ಕೆರೆಗೆ ನೀರು ಬಂತು, ಕೆಲವೇ ವಾರಗಳಲ್ಲಿ ನೊರೆಯೂ ಕಾಣಿಸಿತು. ವಿಷಯ ಹೈಕೋರ್ಟ್, ಸುಪ್ರೀಂ ಕೋರ್ಟ್‌ವರೆಗೂ ಹೋಯಿತು. ನಡುವೆ ನಿಂತಿದ್ದ ನೀರು ಮತ್ತೆ ಹರಿಯಿತು, ಕೆರೆ ತುಂಬಿದ ಕಡೆ ಸುತ್ತಲಿನ ಬೋರ್‌ಗಳಲ್ಲಿ ನೀರು ಮೇಲೆ ಬಂತು. ಉಳಿದ ಪೋಷಕಾಂಶ, ರೋಗಾಣುಗಳನ್ನೂ ತೆಗೆಯುವ ಮೂರನೇ ಹಂತದ ಶುದ್ಧೀಕರಣ ಬೇಕೆಂಬ ಬೇಡಿಕೆ ನಿಂತಿಲ್ಲ.

ಇದಕ್ಕೆ ಬೋರ್ಡಿನ ಮೇಲೆ ಮೂರು ಕಂಬ (ಕಾಲಂ) ಎಳೆಯಿರಿ: ಗೊತ್ತಿರುವುದು, ಗೊತ್ತಿಲ್ಲದ್ದು, ನಮಗೆ ಬೇಕಾದದ್ದು. ‘ನೀರಿನ ಮಟ್ಟ ಏರಿತು’ ಮೊದಲ ಕಂಬಕ್ಕೆ. ‘ಇಪ್ಪತ್ತು ವರ್ಷ ಹೀಗೇ ಹರಿದರೆ ಮಣ್ಣಿಗೇನಾಗುತ್ತದೆ’ ಎರಡನೆಯದಕ್ಕೆ. ‘ಬೆಂಗಳೂರಿನವರು ತಮ್ಮ ಕೊಳೆಯನ್ನು ಪೂರ್ತಿ ತೊಳೆದೇ ಕಳಿಸಬೇಕು’ ಮೂರನೆಯದಕ್ಕೆ, ಏಕೆಂದರೆ ಅದು ಮೌಲ್ಯದ ಮಾತು. ಹೆಚ್ಚಿನ ಜಗಳಗಳು ಮೂರನೇ ಕಂಬದ ಮಾತನ್ನು ಮೊದಲನೆಯದರಲ್ಲಿ ಬರೆಯುವುದರಿಂದ ಹುಟ್ಟುತ್ತವೆ. ಮೊದಲ ಕಂಬದಲ್ಲಿ ‘ಎರಡೂ ಕಡೆ’ ಎಂಬುದಿಲ್ಲ ಎನ್ನುವುದನ್ನೂ ಸ್ಪಷ್ಟಪಡಿಸಿ. ಅಳೆದ ಫ್ಲೋರೈಡ್ ಚರ್ಚೆಯ ವಿಷಯವಲ್ಲ. ಆಮೇಲೆ ನೀರಿನ ದಾರಿಯನ್ನು ಮಕ್ಕಳಿಂದಲೇ ಹೇಳಿಸಿ: ದೂರದಿಂದ ಪಂಪ್ ಮಾಡಿ ತಂದ ಕಾವೇರಿ ಬೆಂಗಳೂರಿನ ಬಚ್ಚಲಿಗೆ, ಬಚ್ಚಲಿನಿಂದ ಶುದ್ಧೀಕರಣ ಘಟಕಕ್ಕೆ, ಅಲ್ಲಿಂದ ನಿಮ್ಮ ಕೆರೆಗೆ, ಕೆರೆಯಿಂದ ಇಂಗಿ ಬೋರ್‌ಗೆ, ಬೋರ್‌ನಿಂದ ಟೊಮೆಟೊಗೆ, ಟೊಮೆಟೊ ಮತ್ತೆ ಬೆಂಗಳೂರಿನ ಅಡುಗೆಮನೆಗೆ. ಇದರಲ್ಲಿ ‘ನಾವು’, ‘ಅವರು’ ಎಂಬ ಗೆರೆ ಎಲ್ಲಿ ಎಳೆಯಬೇಕು ಎಂದು ಅವರೇ ತಡವರಿಸಲಿ. ಆ ತಡವರಿಕೆ ಗೊಂದಲವಲ್ಲ, ಯೋಚನೆ ನಡೆಯುತ್ತಿರುವ ಗುರುತು. ಗೊಂದಲವಾಗುವುದು ಪ್ರಶ್ನೆಗಳನ್ನು ಬಿಡಿಸದೆ ಒಟ್ಟಿಗೆ ಸುರಿದಾಗ.

ನಿಮ್ಮ ಅಭಿಪ್ರಾಯ ಹೇಳಬಹುದೇ? ಮೊದಲೇ ಹೇಳಿದರೆ ಮಕ್ಕಳು ಅದನ್ನೇ ಬರೆದು ಅಂಕ ಗಳಿಸುತ್ತಾರೆ. ಎಂದೂ ಹೇಳದಿದ್ದರೆ ಮೇಡಂಗೆ ಇದರಲ್ಲಿ ಏನೂ ಅನ್ನಿಸುವುದೇ ಇಲ್ಲ ಎಂಬ ಸಂದೇಶ ಹೋಗುತ್ತದೆ. ಮಕ್ಕಳು ತಮ್ಮದನ್ನು ಬರೆದುಕೊಟ್ಟ ಮೇಲೆ, ಅವರು ಕೇಳಿದರೆ, ಕಾರಣ ಸಮೇತ ಹೇಳಿ. ಯಾವ ಸಾಕ್ಷಿ ಸಿಕ್ಕರೆ ನಿಮ್ಮ ಮನಸ್ಸು ಬದಲಾಗುತ್ತದೆ ಎಂಬುದನ್ನೂ ಸೇರಿಸಿ.

ಅಂಕದ ವಿಚಾರ ನೀವು ಅಂದುಕೊಂಡಷ್ಟು ಕಷ್ಟವಲ್ಲ. ರೂಪಣಾತ್ಮಕ ಮೌಲ್ಯಮಾಪನದ (ಕಲಿಕೆಯ ನಡುವೆಯೇ ಅಂಕ ಕೊಡುವ) ಚಟುವಟಿಕೆಯಾಗಿ ಇದನ್ನೇ ಇಟ್ಟುಕೊಳ್ಳಿ. 10 ಅಂಕದಲ್ಲಿ ಅಳತೆ ಮತ್ತು ಲೆಕ್ಕಕ್ಕೆ 3, ಸಾಕ್ಷಿ ಕೊಟ್ಟು ಕಟ್ಟಿದ ಸಂಬಂಧಗಳಿಗೆ 3, ತನಗೆ ಒಪ್ಪಿಗೆಯಾಗದ ವಾದವನ್ನು ಅದರವರೇ ಒಪ್ಪುವಂತೆ ಬರೆದದ್ದಕ್ಕೆ 2, ತನ್ನ ನಿಲುವಿಗೆ ಕೊಟ್ಟ ಕಾರಣಕ್ಕೆ 2. ನಿಲುವು ಯಾವುದು ಎಂಬುದಕ್ಕೆ ಅಂಕವಿಲ್ಲ. ಇದನ್ನು ಮಕ್ಕಳಿಗೆ ಮೊದಲೇ ಹೇಳಿಬಿಡಿ, ಇಲ್ಲದಿದ್ದರೆ ನಂಬುವುದಿಲ್ಲ.

ಎಸ್‌ಡಿಎಂಸಿ ಅಧ್ಯಕ್ಷರ ಬಳಿ ನೀವೇ ಮೊದಲು ಹೋಗಿ. ‘ಮಕ್ಕಳು ಬಕೆಟ್ ಅಳತೆ ಮಾಡ್ತಾರೆ ಸಾರ್, ನಿಮ್ಮ ಬೋರ್ ಹತ್ರ ಮಾಡಬಹುದಾ?’ ಎಂದು ಕೇಳಿ. ನೀರಿನ ಕಷ್ಟ ಅವರಿಗೂ ಇದೆ, ಹೆಚ್ಚಿನವರು ಒಪ್ಪುತ್ತಾರೆ. ಒಪ್ಪದಿದ್ದರೆ ಪಂಚಾಯಿತಿಯ ಕುಡಿಯುವ ನೀರಿನ ಬೋರ್ ಇದ್ದೇ ಇದೆ. ಚಾರ್ಟಿನಲ್ಲಿ ಯಾರ ಹೆಸರೂ ಬೇಡ, ‘ಬೋರ್ ಅ’, ‘ಬೋರ್ ಆ’ ಸಾಕು. ವಾಟ್ಸ್ಆ್ಯಪ್ ಗುಂಪಿಗೆ ಲೆಕ್ಕದ ಫೋಟೊ ಹಾಕಬೇಡಿ. ತರಗತಿಯ ಅಂಕಿ ಊರ ಕಟ್ಟೆಗೆ ಹೋದರೆ ಅದು ಪಾಠವಾಗಿ ಉಳಿಯುವುದಿಲ್ಲ, ಆಪಾದನೆಯಾಗುತ್ತದೆ. ಅದರ ಏಟು ಬೀಳುವುದು ನಿಮ್ಮ ಮೇಲಲ್ಲ, ಆ ಮನೆಯ ಮಗುವಿನ ಮೇಲೆ.

ಎಲ್ಲಕ್ಕೂ ಮೊದಲು ಆ ಹುಡುಗಿಗೆ ಒಂದು ಉತ್ತರ ಬಾಕಿಯಿದೆ. ಎಲ್ಲರೆದುರು ಕೇಳಿದ ಪ್ರಶ್ನೆಯಾದ್ದರಿಂದ ಎಲ್ಲರೆದುರೇ ಹೇಳಿ. ಹಿಂದಿನ ದಿನ ಅವಳೊಬ್ಬಳನ್ನೇ ಕರೆದು, ‘ನೀನು ಕೇಳಿದ್ದು ಒಳ್ಳೆ ಪ್ರಶ್ನೆ, ನಾಳೆ ಅದರಿಂದಲೇ ಪಾಠ ಶುರುಮಾಡಲಾ?’ ಎಂದು ಕೇಳಿಕೊಳ್ಳಿ. ಅವಳು ಬೇಡ ಎಂದರೆ ಅಪ್ಪನ ಮಾತೆತ್ತದೆ ಶುರುಮಾಡಿ. ಹೂಂ ಎಂದರೆ ಹೀಗೆ ಹೇಳಬಹುದು: ‘ಮೊನ್ನೆ ನಾನು ಹೇಳಿದ್ದು ಅರ್ಧ ಮಾತು. ನಿಮ್ಮಪ್ಪ ಬೋರ್ ಹಾಕಿಸಿದ್ದರಿಂದ ನೀರು ಕೆಳಗೆ ಹೋಯಿತು ಅನ್ನೋದು ನಿಜ, ಎಲ್ಲರ ಬೋರ್‌ನಿಂದಲೂ ಹೋಯಿತು. ಅವರ ಜಾಗದಲ್ಲಿ ಬೇರೆ ಏನು ಮಾಡೋಕೆ ಆಗ್ತಿತ್ತು, ಅದಕ್ಕೆ ಯಾರ ಸಹಾಯ ಬೇಕಿತ್ತು, ಅದು ಅವರಿಗೆ ಸಿಕ್ತಾ ಅಂತ ನಾನು ಹೇಳಲೇ ಇಲ್ಲ. ಅದನ್ನ ನಾವೆಲ್ಲ ಸೇರಿ ಹುಡುಕೋಣ.’ ಅಳತೆಗೆ ಹೋಗುವ ಗುಂಪಿನಲ್ಲಿ ಅವಳಿಗೆ ಗಡಿಯಾರ ಹಿಡಿಯುವ ಕೆಲಸ ಕೊಡಿ. ಮೊದಲ ಅಳತೆ ಮಾತ್ರ ಅವರ ಮನೆಯ ಬೋರ್‌ನದಾಗದಿರಲಿ.